ಮಗಳಿಗೆ ‘ಇಬ್ಬನಿ’ ಎಂದು ಹೆಸರಿಡಬಹುದೇ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲೂಕಿನ ಒಂದು ಹಳ್ಳಿ, ಸಣ್ಣ ಕಾಫಿ ತೋಟವಿದೆ. ಡಿಸೆಂಬರ್‌ನಲ್ಲಿ ನಮಗೆ ಹೆಣ್ಣುಮಗು ಹುಟ್ಟಿತು. ಕೃತ್ತಿಕಾ ನಕ್ಷತ್ರ, ‘ಇ’ ಅಕ್ಷರ ಬಂದಿದೆ. ನಾನೂ ಯಜಮಾನರೂ ‘ಇಬ್ಬನಿ’ ಅಂತ ಇಡೋಣ ಎಂದುಕೊಂಡಿದ್ದೇವೆ. ಆದರೆ ಅವರ ಅಜ್ಜಿ, ‘ಬಿಸ್ಲು ಬಂದ್ರೆ ಕರಗೋಗೋ ಹೆಸ್ರು ಯಾಕವ್ವ ಮಗೀಗೆ?’ ಎಂದು ಬೇಸರ ಮಾಡಿಕೊಂಡಿದ್ದಾರೆ. ನಾದಿನಿ, ‘ಅದು ಹೆಸರೇ ಅಲ್ಲ, ಸಿನಿಮಾ ಹಾಡಿನ ಪದ, ನಾಳೆ ಶಾಲೆಯಲ್ಲಿ ಕಷ್ಟ’ ಅನ್ನುತ್ತಾರೆ. ಮೇಡಂ, ಈ ಪದದ ಮೂಲ ಏನು? ಇದು ಹೆಸರಾಗಿ ನಿಲ್ಲುತ್ತದೆಯೇ? ಬೇಡವೆಂದರೆ ಇಂಥದ್ದೇ ಬೇರೆ ಹೆಸರು ಹೇಳುತ್ತೀರಾ?

ಉತ್ತರ: ಇಡಿ, ಧಾರಾಳವಾಗಿ ಇಡಿ. ಅಕ್ಷರವೂ ಕೂಡಿ ಬಂದಿದೆ. ಆದರೆ ಅಜ್ಜಿಯ ಮಾತನ್ನು ಪಕ್ಕಕ್ಕೆ ತಳ್ಳಿ ಇಡಬೇಡಿ. ಅವರ ಭಯಕ್ಕೆ ನಿಮ್ಮ ಆಸೆಗಿಂತ ಹಳೆಯ ಬೇರಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪದ.

‘ಇಬ್ಬನಿ’ಯಲ್ಲಿ ಕೊನೆಗೆ ಕೇಳುವ ‘ಬನಿ’ ನಮ್ಮ ‘ಹನಿ’ಯೇ. ಹಳಗನ್ನಡದಲ್ಲಿ ಅದು ‘ಪನಿ’. ಪಾಲು ಹಾಲಾದಂತೆ, ಪೂ ಹೂವಾದಂತೆ ಪನಿ ಹನಿಯಾಯಿತು. ಆದರೆ ಇನ್ನೊಂದು ಪದದ ಬೆನ್ನಿಗೆ ಅಂಟಿಕೊಂಡಾಗ ಆ ‘ಪ’ಕಾರ ‘ಬ’ಕಾರವಾಗಿ ನಿಂತುಬಿಟ್ಟಿತು. ಶಾಲೆಯಲ್ಲಿ ಆದೇಶ ಸಂಧಿ ಎಂದು ಉರು ಹೊಡೆದಿರುತ್ತೀರಿ. ಕಣ್ಣಿನ ಪನಿ ಕಂಬನಿ ಆಯಿತಲ್ಲ, ಅದೇ ದಾರಿ. ಕಂಬನಿಯೂ ಇಬ್ಬನಿಯೂ ಒಂದೇ ಬಳ್ಳಿಯ ಕಾಯಿಗಳು. ಒಂದು ಕಣ್ಣಿನದು, ಇನ್ನೊಂದು ಇರುಳಿನದು.

ಈ ಪನಿ ಅಕ್ಕಪಕ್ಕದ ಭಾಷೆಗಳಲ್ಲೂ ಇದೆ. ತಮಿಳರಿಗೆ ಪನಿ ಎಂದರೆ ಮಂಜು, ಇಬ್ಬನಿ, ಚಳಿ ಎಲ್ಲವೂ. ತುಳುವರಿಗೆ ತುಂತುರು ಮಳೆ. ಮಲಯಾಳಿಗಳಿಗೆ ಪನಿ ಎಂದರೆ ಜ್ವರ ಕೂಡ, ಚಳಿಯಿಂದ ಮೈ ನಡುಗುವುದು ನೋಡಿ. ಹೀಗಾಗಿ ಇದು ಸಿನಿಮಾದವರು ಕಟ್ಟಿದ ಪದವಲ್ಲ ಎಂದು ನಿಮ್ಮ ನಾದಿನಿಗೆ ಧೈರ್ಯವಾಗಿ ಹೇಳಿ. ಹಾಡುಗಳು ಅದನ್ನು ಊರೂರಿಗೆ ಹೊತ್ತು ತಂದಿರಬಹುದು. ಹುಟ್ಟಿಸಿದ್ದು ಅವಲ್ಲ.

ಈ ‘ಪ’ ‘ಹ’ ಆಗುವ ಕಥೆಗೆ ನಮ್ಮ ಸೀಮೆಯಲ್ಲೇ ಒಂದು ಸಾಕ್ಷಿ ಇದೆ. ಮೂಡಿಗೆರೆಗೆ ಒತ್ತಿಕೊಂಡಿರುವ ಬೇಲೂರು ತಾಲೂಕಿನ ಹಲ್ಮಿಡಿ ನಿಮಗೆ ಗೊತ್ತೇ ಇರುತ್ತದೆ. ಸುಮಾರು ಕ್ರಿ.ಶ. 450ರದ್ದೆಂದು ಹೇಳುವ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರು ‘ಪಲ್ಮಡಿ’. ಪಲ್ಮಡಿ ಹಲ್ಮಿಡಿ ಆದ ದಾರಿಯಲ್ಲೇ ಪನಿ ಹನಿಯಾಗಿದ್ದು. ಇನ್ನೂ ಒಂದು ಮಾತು. ಅದೇ ಶಾಸನದಲ್ಲಿ ಇಬ್ಬರು ವೀರರ ಹೆಸರು ಬರುತ್ತದೆ: ಮೃಗೇಶ, ನಾಗ. ಒಬ್ಬ ಮೃಗಗಳ ಒಡೆಯ, ಅಂದರೆ ಸಿಂಹ. ಇನ್ನೊಬ್ಬ ಹಾವು. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದರಲ್ಲೇ ಕಾಡಿನ ಹೆಸರು ಹೊತ್ತ ಮನುಷ್ಯರಿದ್ದಾರೆ. ಪ್ರಕೃತಿಯ ಹೆಸರಿಡುವುದು ಈಗಿನವರ ಶೋಕಿ ಅನ್ನುವವರಿಗೆ ಇದಕ್ಕಿಂತ ಹತ್ತಿರದ ಉತ್ತರ ನನಗೆ ಬೇಕಿಲ್ಲ.

ಹಾಗಾದರೆ ಹೊಸದು ಯಾವುದು? ನೀವು ಕೇಳಬೇಕಾದ ಪ್ರಶ್ನೆ ಇದು, ನನಗೆ ತುಂಬ ಇಷ್ಟವಾದ ಪ್ರಶ್ನೆಯೂ ಇದೇ.

ಇಬ್ಬನಿ ಅನ್ನುವ ಅರ್ಥ ಹೆಸರಾಗಿ ಹೊಸದಲ್ಲ. ಅಮರಕೋಶದಲ್ಲಿ ಮಂಜು, ಇಬ್ಬನಿಗೆ ಪದಗಳನ್ನು ಹೀಗೆ ಪೋಣಿಸಿದ್ದಾರೆ: ಅವಶ್ಯಾಯ, ನೀಹಾರ, ತುಷಾರ, ತುಹಿನ, ಹಿಮ, ಪ್ರಾಲೇಯ, ಮಿಹಿಕಾ. ಮಂಜಿನ ರಾಶಿಗೆ ಹಿಮಾನಿ. ಈಗ ಯಾವುದಾದರೂ ಅಂಗನವಾಡಿಯ ಹಾಜರಿ ಪುಸ್ತಕ ತೆಗೆಯಿರಿ. ನೀಹಾರಿಕಾ ಇದ್ದಾಳೆ, ತುಷಾರ ಇದ್ದಾನೆ, ಮಿಹಿಕಾ ಬಂದಿದ್ದಾಳೆ, ಹಿಮಾನಿಯೂ ಇದ್ದಾಳೆ. ಮುಸಲ್ಮಾನರ ಮನೆಯ ಶಬ್ನಮ್ ಕೂಡ ಇವಳೇ. ಪರ್ಷಿಯನ್‌ನಲ್ಲಿ ‘ಶಬ್’ ಅಂದರೆ ಇರುಳು, ‘ನಮ್’ ಅಂದರೆ ತೇವ. ಇರುಳಿನ ತೇವ. ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ ಶಬ್ನಮ್ ಎಂದು ಕೂಗಿದರೂ ಮೂಡಿಗೆರೆಯಲ್ಲಿ ಇಬ್ಬನಿ ಎಂದು ಕೂಗಿದರೂ ತಿರುಗಿ ನೋಡುವುದು ಒಂದೇ ಹನಿ. ಈ ಮಕ್ಕಳ ಅಜ್ಜಿಯರು ಯಾರೂ ‘ಕರಗೋಗುತ್ತೆ’ ಅಂದಿರಲಾರರು. ಸಂಸ್ಕೃತ, ಪರ್ಷಿಯನ್ ಪದದ ಅರ್ಥ ಕಿವಿಗೆ ಬಿದ್ದೊಡನೆ ಬಿಚ್ಚಿಕೊಳ್ಳುವುದಿಲ್ಲ. ಇಬ್ಬನಿ ಬಿಚ್ಚಿಕೊಳ್ಳುತ್ತದೆ. ಹೆಸರು ಕೇಳಿದ ಕೂಡಲೇ ಅಂಗಳದ ಹುಲ್ಲು ಕಾಣುತ್ತದೆ. ನಿಮ್ಮ ಅಜ್ಜಿಗೆ ಕಂಡಿದ್ದೂ ಅದೇ.

ಹೊಸದಾಗಿರುವುದು ಅರ್ಥವಲ್ಲ, ಕನ್ನಡ.

ನಾನು ಹಾಸನದಲ್ಲಿ 31 ವರ್ಷ ಕನ್ನಡ ಪಾಠ ಮಾಡಿದವಳು. ದಿನಾ ಹಾಜರಿ ಕೂಗಿದವಳಿಗೆ ಹೆಸರುಗಳ ಋತು ಬದಲಾಗುವುದು ಗೊತ್ತಾಗುತ್ತದೆ. ಮೊದಮೊದಲು ಜಯಮ್ಮ, ಸಾವಿತ್ರಮ್ಮ, ಪುಟ್ಟಸ್ವಾಮಿ, ಹೂವಮ್ಮ. ಆಮೇಲೆ ‘ಅಮ್ಮ’ ಬಿದ್ದುಹೋಯಿತು. ಸುಮಾ, ರೂಪಾ, ಆಶಾ, ಲತಾ. ಲತೆಯೂ ಗಿಡವೇ, ಸುಮವೂ ಹೂವೇ, ಆದರೆ ಮನೆಯಲ್ಲಿ ಯಾರೂ ಬಳ್ಳಿಯನ್ನು ಲತೆ ಅನ್ನುವುದಿಲ್ಲ. ಅದಾದ ಮೇಲೆ ಸಿಂಚನಾ, ಸ್ಪಂದನಾ, ಚಂದನಾಗಳ ಕಾಲ, ಒಂದೇ ತರಗತಿಯಲ್ಲಿ ಮೂವರು ಸಿಂಚನಾ. ನಿವೃತ್ತಿಯ ಹೊತ್ತಿಗೆ ಸಿರಿ, ಇಂಚರ, ಚಿಗುರು ಅಲ್ಲೊಬ್ಬರು ಇಲ್ಲೊಬ್ಬರು ಕಾಣತೊಡಗಿದರು. ಮೊದಲ ಸಲ ‘ಇಂಚರ’ ಎಂದು ಕೂಗಿದ ದಿನ ನನಗೆ ನೆನಪಿದೆ. ಇನಿದಾದ ಸರ ಇಂಚರ ಎಂದು ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಅದೇ ಪದ ಎರಡು ಜಡೆ ಹಾಕಿಕೊಂಡು ಎದ್ದು ನಿಂತು ‘ಎಸ್ ಮಿಸ್’ ಅಂದಾಗ ಗಂಟಲು ಕಟ್ಟಿತು.

ಕುವೆಂಪು ಅವರ ಮಕ್ಕಳ ಹೆಸರು ನೋಡಿ: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ನಿಮ್ಮದೇ ಜಿಲ್ಲೆಯ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕವಿ ತನ್ನ ಮಕ್ಕಳಿಗೆ ಹುಣ್ಣಿಮೆ, ಕೋಗಿಲೆ, ಚೈತ್ರ, ಚಂದ್ರನ ಕಲೆಗಳನ್ನು ಹೆಸರಾಗಿ ಕೊಟ್ಟರು. ಮಗ ತೇಜಸ್ವಿ ಬಂದು ನೆಲೆಸಿದ್ದು ನಿಮ್ಮ ಮೂಡಿಗೆರೆಯಲ್ಲೇ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೂ ಪದಗಳು ಸಂಸ್ಕೃತದವು. ಹಸುಗೂಸಿಗೆ ಅಡುಗೆಮನೆಯ, ಗದ್ದೆಬದುವಿನ ಕನ್ನಡವನ್ನೇ ಹೆಸರಾಗಿ ತೊಡಿಸುವುದಕ್ಕೆ ನಮಗೆ ಇನ್ನೂ ಎರಡು ತಲೆಮಾರು ಬೇಕಾಯಿತು. ನಮ್ಮ ಮಾತಿಗೆ ಗೌರವ ಸಾಲದು ಎಂಬ ಅಳುಕೇ ಅದಕ್ಕೆ ಕಾರಣ ಎಂದು ನನ್ನ ನಂಬಿಕೆ. ತುಷಾರ ಎಂದರೆ ಹೆಸರು, ಇಬ್ಬನಿ ಎಂದರೆ ಬರೀ ಪದ. ನಿಮ್ಮ ನಾದಿನಿ ‘ಅದು ಹೆಸರೇ ಅಲ್ಲ’ ಅಂದಾಗ ಮಾತಾಡಿದ್ದು ಈ ಅಳುಕು.

ಇನ್ನು ಅಜ್ಜಿ.

ನನಗಿಂತ ಮುಂಚೆ ನಮ್ಮಮ್ಮನಿಗೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲ. ನಾನು ಹುಟ್ಟಿದಾಗ ನನ್ನನ್ನು ಮೊರದಲ್ಲಿ ಮಲಗಿಸಿ, ಕೊಟ್ಟಿಗೆ ಹಿಂದಿನ ತಿಪ್ಪೆಯ ಮೇಲೆ ಒಂದು ಗಳಿಗೆ ಇಟ್ಟು, ‘ಯಾರೋ ಬಿಸಾಕಿದ ಮಗ’ ಎಂದು ನಮ್ಮ ಸೋದರತ್ತೆ ಎತ್ತಿಕೊಂಡು ಬಂದರಂತೆ. ಬೇಡದ ಮಗು ಎಂದುಕೊಂಡು ಸಾವು ಮುಂದೆ ಹೋಗಲಿ ಎಂದು. ಶಾಲೆಗೆ ಸೇರಿಸುವತನಕ ಮನೆಯಲ್ಲಿ ನಾನು ‘ತಿಪ್ಪಿ’. ನಮ್ಮ ಹಳ್ಳಿಗಳ ತಿಪ್ಪಯ್ಯ, ತಿಪ್ಪಮ್ಮ, ಗುಂಡಪ್ಪ, ಕಲ್ಲಮ್ಮ, ಹುಚ್ಚಮ್ಮಗಳ ಹಿಂದೆ ಎಷ್ಟೋ ಸಲ ಇಂಥ ಒಬ್ಬ ತಾಯಿಯ ಹೆದರಿಕೆ ಇದೆ. ಕಲ್ಲು ಎಂದು ಕರೆದರೆ ಕಲ್ಲಿನಂತೆ ಉಳಿದೀತು. ಹೆಸರು ಅವರಿಗೆ ಅಲಂಕಾರವಲ್ಲ, ಮಗುವಿನ ಸೊಂಟಕ್ಕೆ ಕಟ್ಟುವ ಉಡಿದಾರದ ಹಾಗೆ. ಅಂಥ ಕಾಲ ಕಂಡವರಿಗೆ ‘ಇಬ್ಬನಿ’ ಎಂದರೆ ಎದೆ ಝಲ್ಲೆನ್ನುವುದು ಸಹಜ. ಅವರು ನಿಮ್ಮ ಹೆಸರನ್ನು ಹಳಿಯುತ್ತಿಲ್ಲ ತಾಯಿ, ಮಗುವನ್ನು ಕಾಯುತ್ತಿದ್ದಾರೆ.

ಜೊತೆಗೆ ತೋಟದ ಮನೆಯವರಿಗೆ ಇಬ್ಬನಿ ಬರೀ ಚೆಂದದ್ದಲ್ಲ. ಈಗ ಕೊಯ್ಲಿನ ಕಾಲ. ಕಣದಲ್ಲಿ ಹರವಿದ ಕಾಫಿಯನ್ನು ಸಂಜೆ ರಾಶಿ ಮಾಡಿ, ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರುತ್ತೀರಲ್ಲ, ಯಾತಕ್ಕೆ? ಇಬ್ಬನಿ ತಾಗಿ ಒಣಗಿದ್ದು ಮತ್ತೆ ನೆನೆಯಬಾರದು ಎಂದು. ಅಜ್ಜಿ ಜೀವಮಾನವೆಲ್ಲ ಆ ಟಾರ್ಪಾಲು ಎಳೆದವರು. ಇಬ್ಬನಿಯಿಂದ ಫಸಲು ಕಾಪಾಡಿದವರಿಗೆ ಅದನ್ನೇ ಮೊಮ್ಮಗನ ಮಗಳ ಹೆಸರಾಗಿ ಒಪ್ಪುವುದು ಒಂದೇ ದಿನಕ್ಕೆ ಆಗುವ ಕೆಲಸವಲ್ಲ.

ಅವರ ಹತ್ತಿರ ನೀವು ಮಾತಾಡಬೇಕಾದ್ದು ಅಮರಕೋಶವಲ್ಲ, ಅವರೆಕಾಯಿ.

ನಾನು ಹುಟ್ಟಿದ್ದು ಹಾಸನದ ಬಯಲಿನ ಕಡೆ. ರಾಗಿ ಕುಯ್ದ ಮೇಲೂ ಸಾಲಿನ ಅವರೆ ಹೊಲದಲ್ಲೇ ನಿಂತಿರುತ್ತಿತ್ತು. ಆ ಹೊತ್ತಿಗೆ ಮಳೆ ಹಿಂದೆ ಬಿದ್ದಿರುತ್ತದೆ, ನೆಲದ ಹಸಿ ಆರುತ್ತಾ ಇರುತ್ತದೆ. ಆದರೂ ಅವರೆ ಹೂವಿಗೆ ಬರುವುದು ಆಗಲೇ. ಬೆಳಗಿನ ಜಾವ ಅಮ್ಮನ ಹಿಂದೆ ಕಾಯಿ ಬಿಡಿಸಲು ಹೋದರೆ ನನ್ನ ಲಂಗ ಮಂಡಿತನಕ ತೊಯ್ದು ಕಾಲಿಗೆ ಅಂಟುತ್ತಿತ್ತು. ಕಾಯಿಯ ಮೇಲೆ ಸಣ್ಣ ಸಣ್ಣ ಹನಿ. ಅದನ್ನು ಮುಟ್ಟಿದ ಬೆರಳಿಗೆ ಹತ್ತುತ್ತಿದ್ದ ಸೊಗಡು ಮಧ್ಯಾಹ್ನವಾದರೂ ಹೋಗುತ್ತಿರಲಿಲ್ಲ. ‘ಇಬ್ನಿ ಬಿದ್ದಷ್ಟೂ ಸೊಗಡು ಕಣವ್ವ’ ಎನ್ನುತ್ತಿದ್ದರು ಅಮ್ಮ. ಕಡೂರು, ಅರಸೀಕೆರೆ ಕಡೆಯ ಹಿಂಗಾರಿನ ಕಡಲೆ ಬೆಳೆದವರನ್ನು ಕೇಳಿದರೂ ಇದೇ ಮಾತು. ಮಳೆ ಬಿಟ್ಟುಹೋದ ಮೇಲೆ ಆ ಗಿಡಕ್ಕೆ ಆಸರೆ ಎಂದರೆ ನೆಲದಲ್ಲಿ ಉಳಿದ ತೇವ, ಮೇಲಿನಿಂದ ಇಬ್ಬನಿ. ಕಡಲೆ ಗಿಡದ ಎಲೆಯಲ್ಲಿ ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಜಿನುಗುತ್ತದೆ. ಬೆಳಗ್ಗೆ ತೆಳುಬಟ್ಟೆಯನ್ನು ಗಿಡಗಳ ಮೇಲೆ ಆಡಿಸಿ, ಇಬ್ಬನಿಯೊಡನೆ ಆ ಹುಳಿಯನ್ನು ಹಿಂಡಿ, ಸೀಸೆಗೆ ತುಂಬಿ ಹೊಟ್ಟೆನೋವಿಗೆ ಇಟ್ಟುಕೊಳ್ಳುವುದು ಹಳಬರಿಗೆ ಗೊತ್ತಿರುವ ಮದ್ದು. ಮಳೆ ಕೈಬಿಟ್ಟಾಗ ಬಂದು ಫಸಲು ಕೈಗೆ ಹತ್ತಿಸುವ ನೀರಿನ ಹೆಸರು ಇದು. ಈ ಮಾತು ಅಜ್ಜಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ನೀವು ಕೇಳಬೇಕು, ಅವರು ಹೇಳಬೇಕು.

ಕರಗುವ ಮಾತಿಗೂ ಒಂದು ಉತ್ತರ ಇದೆ. ಇಬ್ಬನಿ ‘ಬೀಳುತ್ತದೆ’ ಎನ್ನುತ್ತೇವೆ, ನಿಜವಾಗಿ ಅದು ಮೇಲಿನಿಂದ ಬೀಳುವುದಿಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲವೂ ಎಲೆಯೂ ತಮ್ಮ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತವೆ. ಗಾಳಿಯಲ್ಲಿ ಅಲ್ಲಿಯವರೆಗೆ ಕಣ್ಣಿಗೆ ಕಾಣದೆ ಇದ್ದ ನೀರಾವಿ ಆ ತಣ್ಣನೆ ಎಲೆಯ ಮೇಲೆ ಹನಿಗಟ್ಟುತ್ತದೆ. ಬಿಸಿಲೇರಿದಾಗ ಮತ್ತೆ ಆವಿಯಾಗಿ ಅದೇ ಗಾಳಿಗೆ ಸೇರುತ್ತದೆ. ಮಂಜು ಬೇರೆ. ಅದು ನೆಲ ಮುಟ್ಟದೆ ಗಾಳಿಯಲ್ಲೇ ತೇಲುವ ಹನಿಗಳ ಗುಂಪು, ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಮುಂದೆ ಗೋಡೆಯಂತೆ ನಿಲ್ಲುವುದು. ಮಲೆನಾಡಿನ ಆಡುಮಾತಿನಲ್ಲಿ ಎರಡನ್ನೂ ಇಬ್ಬನಿ ಎಂದೇ ಕರೆಯುವವರಿದ್ದಾರೆ, ತಪ್ಪೇನಲ್ಲ.

ಮಂಜಿನ ಮಾತು ಬಂದಿದ್ದಕ್ಕೆ ಇನ್ನೊಂದು. ನಿಮ್ಮ ಊರಿನಲ್ಲಿ ಮಂಜಮ್ಮ, ಮಂಜೇಗೌಡ, ಮಂಜುಳಾ ಎಷ್ಟು ಜನ ಇಲ್ಲ? ಈ ಹೆಸರುಗಳು ಬಂದಿದ್ದು ಮಂಜುನಾಥ ಸ್ವಾಮಿಯಿಂದ ಅಥವಾ ‘ಸುಂದರ’ ಎನ್ನುವ ಅರ್ಥದ ಸಂಸ್ಕೃತ ‘ಮಂಜು’ವಿನಿಂದ, ಕನ್ನಡದ ಮಂಜಿನಿಂದ ಅಲ್ಲ. ಆದರೆ ಕಿವಿಗೆ ಎರಡೂ ಒಂದೇ, ಆದರೂ ‘ಮಂಜು’ ಎಂದು ಕೂಗುವಾಗ ಯಾರಿಗೂ ಕರಗುವ ಭಯ ಬರಲಿಲ್ಲ. ರೂಢಿಯಾದ ಮೇಲೆ ಹೆಸರು ಪದದ ಹಂಗು ಬಿಟ್ಟು ಮನುಷ್ಯರ ಮುಖಕ್ಕೆ ಅಂಟಿಕೊಳ್ಳುತ್ತದೆ. ನಿಮ್ಮ ತಾಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯ ಹೆಸರನ್ನು ಎಷ್ಟೋ ಹೆಣ್ಣುಮಕ್ಕಳು ಹೊತ್ತಿದ್ದಾರೆ. ಅವರನ್ನು ಕರೆಯುವಾಗ ಯಾರಿಗೂ ಗೊರೂರಿನ ಅಣೆಕಟ್ಟು ನೆನಪಾಗುವುದಿಲ್ಲ.

ಹೆಸರಾಗಿ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ನಾನು ಯಾವ ಹೆಸರನ್ನಾದರೂ ಎರಡು ರೀತಿ ಬಾಯಲ್ಲಿ ಆಡಿಸಿ ನೋಡುತ್ತೇನೆ. ಮೊದಲನೆಯದು, ದೂರದಿಂದ ಕೂಗುವುದು. ‘ಇಬ್ಬನೀ...’ ಕೊನೆಯ ಇಕಾರ ಎಷ್ಟು ಬೇಕಾದರೂ ಉದ್ದವಾಗುತ್ತದೆ. ವ್ಯಾಕರಣದಲ್ಲಿ ಇದಕ್ಕೆ ಪ್ಲುತ ಎನ್ನುತ್ತಾರೆ. ತೋಟದ ಈ ತುದಿಯಿಂದ ಆ ತುದಿಗೆ ಕರೆಯಬೇಕಾದವರಿಗೆ ಇದು ದೊಡ್ಡ ಅನುಕೂಲ. ನಡುವೆ ‘ಬ್ಬ’ ಒತ್ತಿದೆ, ಹೆಸರು ಜಾರುವುದಿಲ್ಲ. ಮಾಲಿನಿ, ನಂದಿನಿ, ಯಾಮಿನಿಗಳ ಹಾಗೆ ‘ನಿ’ಯಲ್ಲಿ ಮುಗಿಯುವುದರಿಂದ ಕೇಳಿದವರಿಗೆ ಹೆಣ್ಣುಮಗಳ ಹೆಸರೆಂದೂ ತಾನಾಗಿ ಗೊತ್ತಾಗುತ್ತದೆ.

ಎರಡನೆಯದು, ವಿಭಕ್ತಿ ಹಚ್ಚುವುದು. ಇಬ್ಬನಿಗೆ ಊಟ ಹಾಕು, ಇಬ್ಬನಿಯ ಪುಸ್ತಕ, ಇಬ್ಬನಿಯನ್ನು ಕರಿ. ಎಲ್ಲೂ ಎಡವುವುದಿಲ್ಲ, ಹುಟ್ಟುಕನ್ನಡದ ಪದವಲ್ಲವೇ. ಈಚಿನ ಎಷ್ಟೋ ಹೆಸರುಗಳಿಗೆ ‘ಗೆ’ ಹಚ್ಚುವಾಗ ನಾಲಿಗೆ ತಡವರಿಸುವುದನ್ನು ನೋಡಿದ್ದೇನೆ. ಇನ್ನು ಲಿಂಗ. ಪದವಾಗಿ ಇಬ್ಬನಿ ನಪುಂಸಕ, ಹೆಸರಾದ ಕೂಡಲೇ ಸ್ತ್ರೀಲಿಂಗ. ‘ಇಬ್ಬನಿ ಬಂತು’ ಎಂದರೆ ಅಂಗಳ ಒದ್ದೆ, ‘ಇಬ್ಬನಿ ಬಂದಳು’ ಎಂದರೆ ಶಾಲೆ ಬಿಟ್ಟಿದೆ. ಆದರೆ ನಿಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ‘ಬಂತು, ಹೋಯ್ತು’ ಎಂದೇ ಹೇಳುತ್ತೀರಲ್ಲ. ‘ಇಬ್ಬನಿ ಬಂತಾ?’ ಎಂದು ಅಜ್ಜಿ ಜಗಲಿಯಿಂದ ಕೇಳಿದರೆ ಅಂಗಳವನ್ನೂ ಗೇಟನ್ನೂ ಎರಡನ್ನೂ ನೋಡಬೇಕಾದೀತು. ನನಗಂತೂ ಈ ಹೆಸರಿನ ಅತಿ ದೊಡ್ಡ ಸುಖ ಇದೇ. ಬೇರೆ ಯಾವ ಭಾಷೆಯ ಹೆಸರೂ ನಿಮಗೆ ಇದನ್ನು ಕೊಡಲಾರದು.

ಶಾಲೆಯಲ್ಲಿ ಕಷ್ಟವೇ? ಸ್ವಲ್ಪ ಇರುತ್ತದೆ, ಮುಚ್ಚಿಡುವುದಿಲ್ಲ. ‘ಇಬ್ಬರು’, ‘ಇಬ್ಬಂದಿ’ ಎಂದು ಮಕ್ಕಳು ಛೇಡಿಸಿಯಾರು. ಯಾವ ಹೆಸರಿಗೂ ಮಕ್ಕಳು ಒಂದು ಬಾಲ ಹುಡುಕಿಯೇ ತೀರುತ್ತಾರೆ, ನಾಲ್ಕು ದಿನಕ್ಕೆ ಮರೆಯುತ್ತಾರೆ. ಹೆಚ್ಚು ಎಚ್ಚರ ಬೇಕಾದ್ದು ಇಂಗ್ಲಿಷ್ ಕಾಗುಣಿತದಲ್ಲಿ. ಐ, ಬಿ, ಬಿ, ಎ, ಎನ್, ಐ, ಆರೇ ಅಕ್ಷರ. ಒಂದು ಬಿ ಬಿಟ್ಟರೆ ಹೊರಗಿನವರ ಬಾಯಲ್ಲಿ ಮಗು ‘ಇಬಾನಿ’ ಆಗಿಬಿಡುತ್ತಾಳೆ. ಸಂಖ್ಯಾಶಾಸ್ತ್ರ ಎಂದು ಕೊನೆಗೊಂದು ಎಚ್, ನಡುವೆ ಇನ್ನೊಂದು ಎ ಸೇರಿಸಲು ಹೇಳುವವರು ಬರುತ್ತಾರೆ, ಒಪ್ಪಬೇಡಿ. ನನ್ನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಾಗಿ ಬಿದ್ದಿದ್ದಕ್ಕೆ ಪಿಂಚಣಿ ಕಾಗದ ಸರಿಮಾಡಿಸಲು ಒಂದು ಕಚೇರಿಗೆ ಏಳು ತಿಂಗಳು ಅಲೆದಿದ್ದೇನೆ. ಆ ಸುಸ್ತು ಇನ್ನೂ ಮೈಯಲ್ಲಿದೆ.

ಈಗ ಈ ಎಚ್ಚರ ಇನ್ನೂ ಮುಖ್ಯ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಿಸುವುದರಿಂದ ಹಿಡಿದು ಮತದಾರರ ಪಟ್ಟಿ, ಮದುವೆ ನೋಂದಣಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಬಿದ್ದ ಕಾಗುಣಿತವೇ ಜೀವನಪೂರ್ತಿ ಜೊತೆಗಿರುತ್ತದೆ. ಜನನವನ್ನು 21 ದಿನದೊಳಗೆ ತಿಳಿಸಬೇಕು, ಆದರೆ ಹೆಸರನ್ನು ಆಗಲೇ ಬರೆಸಬೇಕೆಂದಿಲ್ಲ. ಹೆಸರಿಲ್ಲದೆ ನೋಂದಣಿ ಆಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಅಜ್ಜಿಯನ್ನು ಒಪ್ಪಿಸಲು ನಿಮಗೆ ಬೇಕಾದಷ್ಟು ದಿನ ಇದೆ.

ದೇವರ ಹೆಸರಿಲ್ಲ ಎಂಬ ಕೊರಗೂ ಮನೆಯಲ್ಲಿ ಬಂದೀತು. ನಾಮಕರಣದ ಶಾಸ್ತ್ರದಲ್ಲೇ ಅದಕ್ಕೆ ಜಾಗವಿದೆ. ಕುಲದೇವರ ಹೆಸರು, ಮಾಸದ ಹೆಸರು, ನಕ್ಷತ್ರದ ಹೆಸರು, ಕೊನೆಗೆ ಎಲ್ಲರೂ ಕರೆಯುವ ವ್ಯವಹಾರನಾಮ ಎಂದು ನಾಲ್ಕನ್ನು ಇಡುವ ಪದ್ಧತಿ ಇದೆ. ಮನೆದೇವರ ಹೆಸರನ್ನು ಅಜ್ಜಿಯೇ ಆರಿಸಲಿ, ತೊಟ್ಟಿಲಿನಲ್ಲಿ ಮೊದಲು ಅದನ್ನೇ ಮಗುವಿನ ಕಿವಿಯಲ್ಲಿ ಹೇಳಲಿ. ಕರೆಯುವ ಹೆಸರು ಇಬ್ಬನಿ ಇರಲಿ. ಮೊಬೈಲಿನ ಪಟ್ಟಿಗಳಲ್ಲಿ ಇಬ್ಬನಿ ಎಂದರೆ ಯಾವುದೋ ದೇವಿ ಎಂದು ಬರೆದಿದ್ದರೆ ಮಾತ್ರ ನಂಬಬೇಡಿ, ಅದನ್ನು ತೋರಿಸಿ ಅಜ್ಜಿಯನ್ನು ಒಪ್ಪಿಸಲೂ ಬೇಡಿ. ಇಬ್ಬನಿ ಎಂದರೆ ಇಬ್ಬನಿ.

ಬೇರೆ ಹೆಸರು ಕೇಳಿದ್ದೀರಿ. ‘ಇ’ಯೇ ಬೇಕೆಂದರೆ ಇಂಚರ ಇದೆ, ಆದರೆ ಈಗ ಬಹಳ ಕಡೆ ಇದ್ದಾಳೆ. ಅಕ್ಷರ ಬಿಟ್ಟರೆ ಸೋನೆ ನನಗೆ ಬಲು ಇಷ್ಟ. ಎಡೆಬಿಡದೆ ಸಣ್ಣಗೆ ಹಿಡಿಯುವ ಮಳೆ, ಮೂಡಿಗೆರೆಗೆ ಹೇಳಿ ಮಾಡಿಸಿದ್ದು, ಕೂಗಲು ಇನ್ನೂ ಸುಲಭ. ನಸುಕು, ಹೊನಲು ಚೆಂದದ ಪದಗಳು, ಆದರೆ ಉಕಾರದಲ್ಲಿ ಮುಗಿಯುವುದರಿಂದ ಕರೆಯುವಾಗ ದನಿ ಒಳಕ್ಕೆ ಹೋಗುತ್ತದೆ. ತುಂತುರು ಬೇಡ, ಮಗು ದೊಡ್ಡವಳಾದ ಮೇಲೆ ಆ ಹೆಸರು ಚಿಕ್ಕದಾಗುತ್ತದೆ. ಇಬ್ಬನಿ ಹಾಗಲ್ಲ. ‘ಡಾಕ್ಟರ್ ಇಬ್ಬನಿ ಇದ್ದಾರಾ?’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಅರವತ್ತು ವರ್ಷದವಳನ್ನು ನೆರೆಮನೆಯವರು ‘ಇಬ್ಬನಿಯಮ್ಮ’ ಎಂದು ಕರೆಯುವುದನ್ನೂ ಕೇಳಿಸಿಕೊಳ್ಳಿ.

ಒಂದು ಕೆಲಸ ಮಾಡಿ. ಮಾಗಿ ಮುಗಿಯುವುದರೊಳಗೆ ಒಂದು ಬೆಳಗ್ಗೆ ಮಗುವಿಗೆ ಕುಲಾವಿ ಹಾಕಿ, ಬೆಚ್ಚಗೆ ಸುತ್ತಿ, ಅಜ್ಜಿಯ ಕೈಗೆ ಕೊಟ್ಟು ಜಗಲಿಯಲ್ಲಿ ಕೂರಿಸಿ. ಬೇಲಿಯ ಮೇಲಿನ ಜೇಡರ ಬಲೆಯಲ್ಲಿ ಹನಿಗಳು ಸಾಲಾಗಿ ಕಟ್ಟಿಕೊಂಡಿರುವ ಹೊತ್ತು ಅದು. ಹೆಸರಿನ ಮಾತೆತ್ತಬೇಡಿ. ಅವರು ಹುಡುಗಿಯಾಗಿದ್ದಾಗ ಈ ಹೊತ್ತಿನಲ್ಲಿ ಎದ್ದು ಏನು ಮಾಡುತ್ತಿದ್ದರು ಎಂದಷ್ಟೇ ಕೇಳಿ. ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸಿ.